ಆಳು ಹೆಚ್ಚಾದರೆ ಸಾಲದು, ಹಂಚಿಕೆ ಬೇಕು

ದೊಡ್ಡ ಗಣಕಯಂತ್ರಗಳನ್ನು ಸ್ಥಾಪಿಸುವಲ್ಲಿ ನಮ್ಮ ದೇಶವು ತೋರಿಸುತ್ತಿರುವ ಉತ್ಸಾಹವು ಅಭಿನಂದನೀಯವಾದುದು. 1986ನೆಯ ಇಸವಿಯಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಶಾಲೆಯು ‘ಫ್ಲೋಸಾಲ್ವರ್’ ಎಂಬ ಸಮಾಂತರ ಗಣಕವನ್ನು ಕಟ್ಟಿತು. ಅಮೇರಿಕೆಯು ತನ್ನ ಬಲವತ್ತರವಾದ ಯಂತ್ರವನ್ನು ಮಾರಲೊಲ್ಲದೆ ಹೋದಾಗ ಪುಣೆಯಲ್ಲಿ 1988ರಲ್ಲಿ ಸಿ-ಡ್ಯಾಕ್ ಸಂಸ್ಥೆಯು ಹುಟ್ಟಿ, 1991ರಲ್ಲಿ ‘ಪರಮ್ 8000’ ಯಂತ್ರವನ್ನು ಹೊರತಂದಿತು. 2022ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನೆಲೆಗೊಂಡ ‘ಪರಮ್ ಪ್ರವೇಗ’ವು ಅದೇ ವಂಶದ್ದು. ಇವುಗಳಲ್ಲಿ ಲೆಕ್ಕಮಾಡುವ ಪ್ರೊಸೆಸರು ಒಂದಲ್ಲ, ಅನೇಕ. ಒಂದೇ ಲೆಕ್ಕವನ್ನು ಪಾಲುಮಾಡಿಕೊಂಡು ಎಲ್ಲವೂ ಏಕಕಾಲಕ್ಕೆ ದುಡಿಯುವವು.

ಆದರೆ ಪಾಲುಮಾಡುವುದು ಹೇಗೆ? ವಿದ್ಯೆಯಿರುವುದು ಇಲ್ಲಿಯೇ. ನವಲಗುಂದದ ಹೊಲವೊಂದರಲ್ಲಿ ಒಂದೊಂದು ತಾಸಿನ ನಾಲ್ಕು ಕೆಲಸಗಳೂ, ನಾಲ್ಕು ತಾಸಿನದೊಂದೂ ಇವೆಯೆನ್ನೋಣ, ಆಳು ಇಬ್ಬರು. ಸಣ್ಣವನ್ನು ಮೊದಲು ತೀರಿಸಿದರೆ ಎರಡು ತಾಸು ಕಳೆಯುವುವು. ಬಳಿಕ ದೊಡ್ಡದನ್ನು ಒಬ್ಬನೇ ನಾಲ್ಕು ತಾಸು ಮಾಡುವಾಗ ಇನ್ನೊಬ್ಬನು ಬದುವಿನ ಮೇಲೆ ಕೂಡುವನು. ಒಟ್ಟು ಆರು ತಾಸು. ದೊಡ್ಡದನ್ನೇ ಮೊದಲು ಒಬ್ಬನಿಗೆ ಒಪ್ಪಿಸಿದರೆ ನಾಲ್ಕು ತಾಸಿಗೆ ಎಲ್ಲವೂ ಮುಗಿಯುವುದು. ಒಂದಕ್ಕೊಂದು ಕಾಯದ ಕೆಲಸಗಳಲ್ಲಿ ಈ ಕ್ರಮವು ಅತ್ಯುತ್ತಮ ಹಂಚಿಕೆಗಿಂತ ಮೂರರಲ್ಲಿ ಒಂದಂಶಕ್ಕೆ ಮೀರಿ ತಡಮಾಡದೆಂದು ಅಮೇರಿಕದ ಗಣಿತಜ್ಞ ರೊನಾಲ್ಡ್ ಗ್ರಹಾಮರು 1969ರಲ್ಲಿ ಸಿದ್ಧಪಡಿಸಿದರು.

ಸಮಪಾಲೇ ಸರಿಪಾಲೆಂಬುದೂ ಇಲ್ಲಿ ಸಲ್ಲದು. ಹವೆಯ ಮುನ್ಸೂಚನೆಗಾಗಿ ನಕಾಶೆಯನ್ನು ಚೌಕಗಳಾಗಿ ವಿಭಾಗಿಸಿ ಪ್ರೊಸೆಸರುಗಳಿಗೆ ಹಂಚುವರು. ಮಲೆನಾಡಿನ ಸೆರಗಿನ ಕಲಘಟಗಿಯ ಮೇಲೆ ಮೋಡ ಕವಿದು, ಅಣ್ಣಿಗೇರಿಯ ಮೇಲೆ ಆಕಾಶವು ನಿರ್ಮಲವಾಗಿದ್ದರೆ, ಚೌಕಗಳು ಸಮವಾಗಿದ್ದರೂ ಮೋಡದ ಪಾಲಿಗೆ ಲೆಕ್ಕ ಹೆಚ್ಚು. ಅದು ಮುಗಿಯುವವರೆಗೆ ಉಳಿದವೆಲ್ಲ ಕಾಯಬೇಕು. ಚೌಕಗಳನ್ನು ತೀರ ಸಣ್ಣದಾಗಿಸಿದರೆ ನೆರೆಯ ಚೌಕದೊಡನೆ ಗಡಿಯ ಸುದ್ದಿಯನ್ನು ಕೊಟ್ಟುಕೊಳ್ಳುವುದರಲ್ಲಿಯೇ ವೇಳೆ ಹೋಗುವುದು. ಮೇಲಾಗಿ, ಕೆಲಸದ ಹತ್ತನೆಯ ಒಂದಂಶವು ಪಾಲಾಗದಂಥದಿದ್ದರೆ 16 ಪ್ರೊಸೆಸರುಗಳಿಂದ ದೊರೆಯುವ ವೇಗವು 6.4 ಪಟ್ಟು ಮಾತ್ರ. ಸಾವಿರ ಹಚ್ಚಿದರೂ ಹತ್ತು ಪಟ್ಟು ಮುಟ್ಟದು. 1967ರಲ್ಲಿ ಜೀನ್ ಅಮ್ಡಾಲರು ಎತ್ತಿ ತೋರಿಸಿದ ಮಿತಿಯಿದು.

ಮಳೆಯ ಸುದ್ದಿಯು ಮಳೆಯ ಹಿಂದಿನಿಂದ ಬಂದರೆ, ಕಣದಲ್ಲಿ ಮೆಣಸಿನಕಾಯಿ ಒಣಹಾಕಿದ ಕುಂದಗೋಳದ ರೈತನಿಗೆ ಅದರಿಂದೇನು ಫಲ? ಯಂತ್ರಕ್ಕೆ ಹಣ ಮಂಜೂರು ಮಾಡುವ ಅಧಿಕಾರಿಗಳು ಹಂಚಿಕೆಯ ವಿದ್ಯೆಯನ್ನರಿತ ತರುಣರಿಗಾಗಿಯೂ ಹಣ ತೆಗೆದಿಡಬೇಕೆಂದು ನಾವು ಒತ್ತಿ ಹೇಳುತ್ತೇವೆ. 2016ರಲ್ಲಿ ಆರಂಭವಾದ ಧಾರವಾಡದ ಐಐಟಿಯೂ ಜಿಲ್ಲೆಯ ಕಾಲೇಜುಗಳೂ ಈ ವಿದ್ಯೆಯನ್ನು ಹಳ್ಳಿಯ ಹುಡುಗರಿಗೆ ತಿಳಿಗನ್ನಡದಲ್ಲಿ ಕಲಿಸಲಿ. ಕೊಂಡ ಯಂತ್ರವು ಕೆಲಸವಿಲ್ಲದೆ ಕುಳಿತರೆ, ಕುಳಿತದ್ದು ಪ್ರಜೆಯ ಹಣ.