ವಿದ್ಯಾಸಂಸ್ಥೆಯ ಹೊಸ ಹೆಬ್ಬಾಗಿಲು

ಒಳ್ಳೆಯ ವಿದ್ಯಾಸಂಸ್ಥೆಗೆ ಪ್ರಚಾರದ ಅಗತ್ಯವಿಲ್ಲವೆಂಬ ಭಾವನೆ ನಮ್ಮ ನಾಡಿನಲ್ಲಿ ಬಹುಕಾಲದಿಂದ ಬೇರೂರಿದೆ. ಈ ಭಾವನೆ ನಿರಾಧಾರವಾದುದಲ್ಲ. 1917ರಲ್ಲಿ ಸಿದ್ಧಗಂಗೆಯಲ್ಲಿ ಸಂಸ್ಕೃತ ಪಾಠಶಾಲೆ ಸ್ಥಾಪಿತವಾಯಿತು. ಮುಂದೆ ಆ ಪರಿಸರದಲ್ಲಿ ಬೆಳೆದ ಶಾಲೆಗಳ ಹಾಗೂ ಉಚಿತ ವಿದ್ಯಾರ್ಥಿನಿಲಯದ ಹೆಸರನ್ನು ಹಳ್ಳಿಹಳ್ಳಿಗೆ ಒಯ್ದವರು ಅಲ್ಲಿ ಓದಿ ಊರಿಗೆ ಮರಳಿದವರೇ. ಹೆದ್ದಾರಿಯ ಪ್ರಯಾಣಿಕರ ಬಾಯಿಂದ ಬಾಯಿಗೆ ಹರಡಿ ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೆ ಹೆಸರು ಬಂದಂತೆ, ವಿದ್ಯಾಸಂಸ್ಥೆಗಳಿಗೂ ಜನರ ಮಾತಿನಿಂದಲೇ ಕೀರ್ತಿ ಬಂದ ಕಾಲವದು. ಊರಿನ ಮೇಷ್ಟರು, ನೆಂಟರ ಪೈಕಿ ಓದಿದ ಹುಡುಗ, ಪಟ್ಟಣದಲ್ಲಿ ನೌಕರಿಯಲ್ಲಿದ್ದ ಹಿರಿಯರು, ಇವರಲ್ಲಿ ಒಬ್ಬರು ಹೇಳಿದರೆ ಸಾಕಿತ್ತು. ತಂದೆ ಮಗನ ಕೈಹಿಡಿದು ಹೊರಡುತ್ತಿದ್ದ.

ಇಂದು ಆ ಮಾತಿನ ಬೆಲೆ ಕಡಿಮೆಯಾಗಿಲ್ಲ. ಆದರೆ ಅದೊಂದೇ ಸಾಲದಾಗಿದೆ. ತುಮಕೂರಿನಲ್ಲಿ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯ ಪ್ರಾರಂಭವಾದ 1963ರಲ್ಲಿ ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳು ಕೆಲವೇ ಇದ್ದವು. 2004ರಲ್ಲಿ ತುಮಕೂರು ವಿಶ್ವವಿದ್ಯಾಲಯ ಸ್ಥಾಪನೆಯಾಗುವ ಹೊತ್ತಿಗೆ ಕಾಲೇಜುಗಳೂ ಕೋರ್ಸುಗಳೂ ಎಣಿಸಲಾರದಷ್ಟು ಹೆಚ್ಚಿದ್ದವು. ಈಗ ಗುಬ್ಬಿಯ ಅಥವಾ ಕುಣಿಗಲ್ಲಿನ ವಿದ್ಯಾರ್ಥಿನಿ ಪಿ.ಯು.ಸಿ. ಮುಗಿಸಿದಾಗ ಮೊದಲು ಕೈಗೆತ್ತಿಕೊಳ್ಳುವುದು ಮೊಬೈಲ್ ಫೋನನ್ನು. ಹಿರಿಯರನ್ನು ಕೇಳುವುದು ಆಮೇಲೆ. ಕಾಲೇಜಿನ ಕಲ್ಲಿನ ಬಾಗಿಲನ್ನು ಕಾಣುವ ಮೊದಲೇ ಅವಳು ಅದರ ಜಾಲತಾಣದ ಬಾಗಿಲನ್ನು ತಟ್ಟಿರುತ್ತಾಳೆ. ಅಲ್ಲಿ ಉತ್ತರ ದೊರೆಯದಿದ್ದರೆ ಕಲ್ಲಿನ ಬಾಗಿಲಿನವರೆಗೆ ಬರುವುದೇ ಇಲ್ಲ.

ವಿಶ್ವವ್ಯಾಪಿ ಜಾಲದ ಕಲ್ಪನೆಯನ್ನು ಟಿಮ್ ಬರ್ನರ್ಸ್-ಲೀ ಎಂಬ ವಿಜ್ಞಾನಿ 1989ರಲ್ಲಿ ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಮುಂದಿಟ್ಟರು. ಭಾರತದ ಜನಸಾಮಾನ್ಯರಿಗೆ ಅಂತರಜಾಲ ಸೇವೆ ದೊರೆತದ್ದು 1995ರ ಆಗಸ್ಟ್ 15ರಂದು. ಆರಂಭದ ವರ್ಷಗಳಲ್ಲಿ ಕಾಲೇಜುಗಳು ತಮ್ಮ ಮುದ್ರಿತ ಪರಿಚಯ ಪುಸ್ತಿಕೆಯನ್ನೇ ಜಾಲದ ಮೇಲೆ ಇರಿಸಿ ತೃಪ್ತರಾದವು: ಕಟ್ಟಡದ ಚಿತ್ರ, ಅಧ್ಯಕ್ಷರ ಸಂದೇಶ, ಪ್ರಾಂಶುಪಾಲರ ಭಾವಚಿತ್ರ. ಪುಸ್ತಿಕೆಗೂ ಜಾಲತಾಣಕ್ಕೂ ಇರುವ ಭೇದವನ್ನು ಆಗ ಗಮನಿಸಿದವರು ವಿರಳ. ಪುಸ್ತಿಕೆಯನ್ನು ಸಂಸ್ಥೆಯೇ ಓದುಗನಿಗೆ ಕೊಡುತ್ತದೆ. ಜಾಲತಾಣಕ್ಕಾದರೋ ಓದುಗನೇ ಪ್ರಶ್ನೆಯೊಂದನ್ನು ಹಿಡಿದು ಬರುತ್ತಾನೆ.

ಆ ಪ್ರಶ್ನೆ ಎಷ್ಟು ತುರ್ತಿನದು ಎಂಬುದನ್ನು ಅರಿಯಲು ಸಾಮಾನ್ಯ ಪ್ರವೇಶ ಪರೀಕ್ಷೆಯ ಕ್ರಮವನ್ನು ನೋಡಬೇಕು. ಕರ್ನಾಟಕದಲ್ಲಿ ಸಿ.ಇ.ಟಿ. ಪದ್ಧತಿ 1994ರಲ್ಲಿ ಜಾರಿಗೆ ಬಂದಿತು. ಬಹಳ ವರ್ಷಗಳವರೆಗೆ ವಿದ್ಯಾರ್ಥಿಗಳು ಪೋಷಕರೊಡನೆ ಬೆಂಗಳೂರಿಗೆ ಹೋಗಿ, ಸರದಿಯಲ್ಲಿ ಕಾದು, ಎದುರಿನ ಪರದೆಯ ಮೇಲೆ ಉಳಿದಿರುವ ಸೀಟುಗಳನ್ನು ನೋಡಿ ಅಲ್ಲಿಯೇ ತೀರ್ಮಾನಿಸಬೇಕಾಗಿತ್ತು. ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಈ ಕಾರ್ಯವನ್ನೆಲ್ಲ ಅಂತರಜಾಲದ ಮೂಲಕವೇ ನಡೆಸುತ್ತದೆ. ವಿದ್ಯಾರ್ಥಿ ತನಗೆ ಬೇಕಾದ ಕಾಲೇಜು ಮತ್ತು ಕೋರ್ಸುಗಳನ್ನು ಆದ್ಯತೆಯ ಕ್ರಮದಲ್ಲಿ ದಾಖಲಿಸುತ್ತಾನೆ. ಮೊದಲು ಅಣಕು ಹಂಚಿಕೆ, ಬಳಿಕ ನಿಜವಾದ ಹಂಚಿಕೆ. ಸೀಟು ದೊರೆತ ಮೇಲೆ ನಾಲ್ಕು ಆಯ್ಕೆಗಳಿರುತ್ತವೆ: ಒಪ್ಪಿ ಸೇರುವುದು, ಒಪ್ಪಿಕೊಂಡು ಮುಂದಿನ ಸುತ್ತಿಗೂ ಕಾಯುವುದು, ಒಪ್ಪದೆ ಮುಂದಿನ ಸುತ್ತಿಗೆ ಹೋಗುವುದು, ಪ್ರಕ್ರಿಯೆಯಿಂದಲೇ ಹೊರಬರುವುದು. ಆದ್ಯತೆಯ ಪಟ್ಟಿಯನ್ನು ಸಿದ್ಧಪಡಿಸಲು ದೊರೆಯುವ ಅವಧಿ ಕೆಲವೇ ದಿನಗಳು. ಆ ದಿನಗಳಲ್ಲಿ ಹತ್ತಾರು ಕಾಲೇಜುಗಳನ್ನು ಕಣ್ಣಾರೆ ನೋಡಿಬರುವುದು ಬಡವರ ಮಕ್ಕಳಿಗೆ ಸಾಧ್ಯವಿಲ್ಲ. ಹಾಗಾಗಿ ಅವರ ತೀರ್ಮಾನ ನಿಲ್ಲುವುದು ಜಾಲತಾಣದಲ್ಲಿ ಕಂಡ ಮಾಹಿತಿಯ ಮೇಲೆ. ತಪ್ಪು ಆಯ್ಕೆಯ ಬೆಲೆ ಒಂದು ವರ್ಷದ ಓದು, ಒಂದು ಕುಟುಂಬದ ಸಾಲ. ಸಾಮಾನ್ಯ ಪದವಿ ತರಗತಿಗಳ ವಿಷಯದಲ್ಲೂ 2021ರಿಂದ ರಾಜ್ಯದ ವಿಶ್ವವಿದ್ಯಾಲಯಗಳಿಗೆ ಏಕೀಕೃತ ಗಣಕ ವ್ಯವಸ್ಥೆಯೊಂದನ್ನು ತರಲಾಗಿದ್ದು, ಅರ್ಜಿಯಿಂದ ಅಂಕಪಟ್ಟಿಯವರೆಗಿನ ಕೆಲಸಗಳು ಅದರ ಮೂಲಕ ಸಾಗುವಂತಾಗಿವೆ.

ಹೀಗಿರುವಾಗ ಜಾಲತಾಣವು ವಿದ್ಯಾರ್ಥಿಯ ಕಣ್ಣಿಗೆ ಬೀಳುವುದು ಹೇಗೆ? ಶೋಧಕ ಯಂತ್ರಗಳು ಜಾಲದ ಪುಟಗಳನ್ನು ಒಂದೊಂದಾಗಿ ಓದಿ, ಪದಗಳ ದೊಡ್ಡ ಸೂಚಿಯೊಂದನ್ನು ಮೊದಲೇ ಸಿದ್ಧಪಡಿಸಿಕೊಂಡಿರುತ್ತವೆ. ಗ್ರಂಥದ ಕೊನೆಯ ಪದಸೂಚಿ ಓದುಗನನ್ನು ಪುಟಸಂಖ್ಯೆಗೆ ಒಯ್ಯುವಂತೆ, ಈ ಸೂಚಿ ಪ್ರಶ್ನೆ ಕೇಳಿದವನನ್ನು ಜಾಲತಾಣಕ್ಕೆ ಒಯ್ಯುತ್ತದೆ. ಇಲ್ಲಿ ಕನ್ನಡದ ಸಂಸ್ಥೆಗಳು ಎರಡು ತಪ್ಪುಗಳನ್ನು ಮಾಡುತ್ತ ಬಂದಿವೆ. ಪ್ರವೇಶ ಪ್ರಕಟಣೆಯನ್ನು ಅಚ್ಚು ಹಾಕಿಸಿ, ಅದರ ಛಾಯಾಚಿತ್ರವನ್ನಷ್ಟೇ ಜಾಲತಾಣಕ್ಕೆ ಏರಿಸುವುದು ಮೊದಲನೆಯದು. ಚಿತ್ರದೊಳಗಿನ ಅಕ್ಷರಗಳು ಶೋಧಕ ಯಂತ್ರಕ್ಕೆ ಸರಿಯಾಗಿ ದಕ್ಕುವುದಿಲ್ಲ; ದೃಷ್ಟಿಹೀನ ವಿದ್ಯಾರ್ಥಿಗೆ ಪುಟವನ್ನು ಓದಿ ಹೇಳುವ ತಂತ್ರಾಂಶಕ್ಕೂ ಅದು ತೊಡಕಾಗುತ್ತದೆ. ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿದ ಬರಹವನ್ನು ಹಾಗೆಯೇ ಬಳಸುವುದು ಎರಡನೆಯದು. ಅವುಗಳಲ್ಲಿ ಕಣ್ಣಿಗೆ ಕನ್ನಡವಾಗಿ ಕಾಣುವುದು ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಯೂನಿಕೋಡ್ ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಜಗತ್ತೆಲ್ಲ ಒಪ್ಪಿದ ಸಂಕೇತವಿದೆ. ಅದರಲ್ಲಿ ಬರೆದುದನ್ನು ಯಾವ ಮೊಬೈಲಾದರೂ ತೋರಿಸುತ್ತದೆ, ಯಾವ ಶೋಧಕ ಯಂತ್ರವಾದರೂ ಹುಡುಕುತ್ತದೆ. ಕಾಸು ಖರ್ಚಿಲ್ಲದ ಈ ಸುಧಾರಣೆಯಿಂದ ದೊರೆಯುವ ಪ್ರಯೋಜನವು ಸಾವಿರಾರು ರೂಪಾಯಿಗಳ ಜಾಹೀರಾತಿನಿಂದಲೂ ದೊರೆಯಲಾರದು.

ಪುಟ ತೆರೆದ ಮೇಲೆ ಅಲ್ಲಿ ಏನಿರಬೇಕು? ಒಟ್ಟು ಶುಲ್ಕವೆಷ್ಟು, ಅದನ್ನು ಎಷ್ಟು ಕಂತುಗಳಲ್ಲಿ ಕಟ್ಟಬಹುದು, ವಿದ್ಯಾರ್ಥಿವೇತನಕ್ಕೆ ಯಾರು ಅರ್ಹರು, ವಿದ್ಯಾರ್ಥಿನಿಲಯದಲ್ಲಿ ಸ್ಥಳವಿದೆಯೇ, ಅರ್ಜಿಯ ಕೊನೆಯ ದಿನ ಯಾವುದು, ಯಾವ ದಾಖಲೆಗಳು ಬೇಕು, ಬೋಧಕರು ಯಾರು, ಓದು ಮುಗಿಸಿದವರು ಈಗ ಏನಾಗಿದ್ದಾರೆ, ವಿಚಾರಿಸಲು ದೂರವಾಣಿ ಸಂಖ್ಯೆ ಯಾವುದು. ಇಷ್ಟನ್ನು ತಿಳಿಗನ್ನಡದಲ್ಲಿ, ಮೊದಲ ಪುಟದಲ್ಲಿಯೇ, ಸಣ್ಣ ಮೊಬೈಲಿನಲ್ಲಿಯೂ ಓದಲು ಬರುವಂತೆ ಕೊಟ್ಟರೆ ಬಹುಪಾಲು ಕೆಲಸ ಆದಂತೆಯೇ. ಭಾರವಾದ ಚಲನಚಿತ್ರಗಳೂ ಓಡುವ ಅಕ್ಷರಗಳೂ ಸಿಗ್ನಲ್ ದುರ್ಬಲವಾಗಿರುವ ಹಳ್ಳಿಯಲ್ಲಿ ಪುಟ ತೆರೆಯದಂತೆ ಮಾಡುತ್ತವೆಯೇ ಹೊರತು ಯಾರನ್ನೂ ಆಕರ್ಷಿಸುವುದಿಲ್ಲ. ಈ ಮಾಹಿತಿಯನ್ನು ಪ್ರಕಟಿಸುವುದು ಕೇವಲ ಔದಾರ್ಯದ ವಿಷಯವೂ ಅಲ್ಲ. ಮಾಹಿತಿ ಹಕ್ಕು ಕಾಯ್ದೆ, 2005ರ 4ನೇ ಪ್ರಕರಣವು ಸಾರ್ವಜನಿಕ ಪ್ರಾಧಿಕಾರಗಳು ಯಾರೂ ಕೇಳದೆಯೇ ಮಾಹಿತಿ ಪ್ರಕಟಿಸಬೇಕೆಂದು ವಿಧಿಸಿದೆ. ತಾಂತ್ರಿಕ ಶಿಕ್ಷಣ ಸಂಸ್ಥೆಗಳು ಶುಲ್ಕ, ಸೀಟು, ಬೋಧಕವರ್ಗ ಮೊದಲಾದ ವಿವರಗಳನ್ನು ಜಾಲತಾಣದಲ್ಲಿ ಇರಿಸಬೇಕೆಂಬುದು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ನಿಯಮ. ಮೌಲ್ಯಾಂಕನಕ್ಕೆ ಒಳಪಡುವ ಕಾಲೇಜುಗಳು ತಮ್ಮ ಸ್ವಮೌಲ್ಯಮಾಪನ ವರದಿಯನ್ನೂ ಜಾಲತಾಣದಲ್ಲಿ ತೋರಿಸಬೇಕಾಗುತ್ತದೆ.

ಜಾಲದ ಜಾಹೀರಾತಿನ ಬಗೆಯನ್ನೂ ತಿಳಿದಿರುವುದು ಒಳಿತು. ಶೋಧಕ ಯಂತ್ರದಲ್ಲಿ ಕಾಲೇಜಿನ ವಿಚಾರ ಹುಡುಕಿದಾಗ ಮೇಲ್ತುದಿಯಲ್ಲಿ ಕಾಣುವ ಕೆಲವು ಹೆಸರುಗಳು ಹಣ ತೆತ್ತು ಅಲ್ಲಿಗೆ ಬಂದವು. ಪದವೊಂದಕ್ಕೆ ಹರಾಜು ನಡೆಯುತ್ತದೆ. ಓದುಗ ಒಮ್ಮೆ ಒತ್ತಿದರೆ ಜಾಹೀರಾತುದಾರನ ಖಾತೆಯಿಂದ ಹಣ ಕಳೆಯುತ್ತದೆ. ಮೇಲೆ ಕಂಡುದೆಲ್ಲ ಮೇಲಾದುದಲ್ಲವೆಂಬುದನ್ನು ವಿದ್ಯಾರ್ಥಿಗಳಿಗೆ ಪಿ.ಯು. ಹಂತದಲ್ಲಿಯೇ ತಿಳಿಸಿಕೊಡುವುದು ಅಧ್ಯಾಪಕರ ಕರ್ತವ್ಯ. ಇನ್ನು ಹೆಸರು ಮತ್ತು ದೂರವಾಣಿ ಸಂಖ್ಯೆ ಬರೆದರಷ್ಟೇ ವಿವರ ಕೊಡುವ ಪುಟಗಳಿವೆ. ಅಂತಹ ಕಡೆ ಒಮ್ಮೆ ಸಂಖ್ಯೆ ಬರೆದವರಿಗೆ ಮರುದಿನದಿಂದಲೇ ದಲ್ಲಾಳಿಗಳ ಕರೆ ಬರತೊಡಗುವುದುಂಟು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷ ತುಂಬದವರ ಮಾಹಿತಿಯನ್ನು ಬಳಸಲು ಪೋಷಕರ ಒಪ್ಪಿಗೆ ಬೇಕೆಂದು ವಿಧಿಸಿ, ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತಿಗೆ ತಡೆ ಒಡ್ಡುತ್ತದೆ. ಪಿ.ಯು.ಸಿ. ಮುಗಿಸಿದ ಅನೇಕರು ಈ ವಯಸ್ಸಿನೊಳಗಿನವರೇ. ಆದುದರಿಂದ ಸಂಸ್ಥೆಯೊಂದು ಮೊದಲು ಮಾಹಿತಿ ಕೊಟ್ಟು, ಅಗತ್ಯವಿದ್ದರೆ ಮಾತ್ರ ಹೆಸರು ಕೇಳುವುದು ಧರ್ಮವೂ ಹೌದು, ವಿವೇಕವೂ ಹೌದು.

ಮತ್ತೊಂದು ಎಚ್ಚರಿಕೆ. ಸುಂದರವಾದ ಜಾಲತಾಣವಿದ್ದ ಮಾತ್ರಕ್ಕೆ ವಿಶ್ವವಿದ್ಯಾಲಯವಾಗುವುದಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ 1956ರ ಕಾಯ್ದೆಯ 22ನೇ ಪ್ರಕರಣದಂತೆ, ಕೇಂದ್ರದ ಅಥವಾ ರಾಜ್ಯದ ಶಾಸನದಿಂದ ಸ್ಥಾಪಿತವಾದ ವಿಶ್ವವಿದ್ಯಾಲಯಗಳಿಗೆ, ಮಾನಿತ ವಿಶ್ವವಿದ್ಯಾಲಯಗಳಿಗೆ ಹಾಗೂ ಸಂಸತ್ತು ವಿಶೇಷವಾಗಿ ಅಧಿಕಾರ ನೀಡಿದ ಸಂಸ್ಥೆಗಳಿಗೆ ಮಾತ್ರ ಪದವಿ ನೀಡುವ ಹಕ್ಕಿದೆ. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಆಯೋಗವು ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ಶುಲ್ಕ ಕಟ್ಟುವ ಮುನ್ನ ಆ ಪಟ್ಟಿಯನ್ನು ನೋಡಲು ಹಿಡಿಯುವ ವೇಳೆ ಐದು ನಿಮಿಷ. ಮೋಸಕ್ಕೆ ದಾರಿಯಾಗುವ ಜಾಲವೇ ಮೋಸವನ್ನು ಬಯಲು ಮಾಡುವ ಸಾಧನವೂ ಆಗಿದೆ.

ಹೀಗೆ ನೋಡಿದಾಗ ಪ್ರಚಾರ ಬೇರೆ, ಪರಿಚಯ ಬೇರೆ ಎಂಬುದು ಸ್ಪಷ್ಟವಾಗುತ್ತದೆ. ಪ್ರಚಾರವು ಸಂಸ್ಥೆಗೆ ಬೇಕಾದುದನ್ನು ಹೇಳುತ್ತದೆ; ಪರಿಚಯವು ವಿದ್ಯಾರ್ಥಿಗೆ ಬೇಕಾದುದನ್ನು ಹೇಳುತ್ತದೆ. ಹಿಂದೆ ಊರಿಗೆ ಮರಳಿದ ಹಿರಿಯ ವಿದ್ಯಾರ್ಥಿ ಜಗುಲಿಯ ಮೇಲೆ ಕುಳಿತು ಕಿರಿಯನಿಗೆ ಏನು ಹೇಳುತ್ತಿದ್ದನೋ ಅದನ್ನೇ ಜಾಲತಾಣ ಹೇಳಬೇಕು. ಅವನು ಊಟದ ಸಂಗತಿ ಹೇಳುತ್ತಿದ್ದ, ಗುರುಗಳ ಗುಣ ಹೇಳುತ್ತಿದ್ದ, ಕಷ್ಟವನ್ನೂ ಮುಚ್ಚಿಡುತ್ತಿರಲಿಲ್ಲ. ಅವನ ಮಾತನ್ನು ಜನ ನಂಬುತ್ತಿದ್ದುದು ಅದರಿಂದಲೇ.

ಈ ಕಾರ್ಯದಲ್ಲಿ ಎಲ್ಲರಿಗೂ ಪಾಲುಂಟು. ಅಧ್ಯಾಪಕರು ತಮ್ಮ ವಿಭಾಗದ ಪುಟವನ್ನು ವರ್ಷಕ್ಕೊಮ್ಮೆಯಾದರೂ ಓದಿ, ಹಳಸಿದ ದಿನಾಂಕಗಳನ್ನೂ ನಿವೃತ್ತರ ಹೆಸರುಗಳನ್ನೂ ತಿದ್ದಿಸಬೇಕು. ಹಿರಿಯ ವಿದ್ಯಾರ್ಥಿಗಳು ತಮ್ಮ ಅನುಭವವನ್ನು ನಾಲ್ಕು ಸಾಲುಗಳಲ್ಲಿ ಬರೆದುಕೊಡಬಹುದು. ಪ್ರವೇಶದ ದಿನಗಳಲ್ಲಿ ತಮ್ಮೂರಿನ ಮಕ್ಕಳ ಜೊತೆ ಕುಳಿತು ಆದ್ಯತೆಯ ಪಟ್ಟಿ ಮಾಡಿಸಬಹುದು. ದಾನಿಗಳು ಕಟ್ಟಡಕ್ಕೆ ಕೊಡುವಂತೆಯೇ, ಜಾಲತಾಣವನ್ನು ನೋಡಿಕೊಳ್ಳುವ ಒಬ್ಬ ಸಿಬ್ಬಂದಿಯ ಸಂಬಳಕ್ಕೂ ಕೊಡುವುದನ್ನು ಆಲೋಚಿಸಬಹುದು. ಅದರ ಮೇಲೆ ದಾನಿಯ ಹೆಸರಿನ ಕಲ್ಲು ಇರುವುದಿಲ್ಲ ನಿಜ. ಆದರೆ ಶುಲ್ಕದ ಭಯದಿಂದ ಓದು ಬಿಡಲಿದ್ದ ಹುಡುಗಿಯೊಬ್ಬಳು ರಾತ್ರಿಯ ಹೊತ್ತು ಮೊಬೈಲಿನಲ್ಲಿ ವಿದ್ಯಾರ್ಥಿವೇತನದ ಒಂದು ಸಾಲನ್ನು ಕಂಡು ಮರುದಿನ ಕಾಲೇಜಿಗೆ ಹೊರಟರೆ, ಆ ದಾನ ಸಾರ್ಥಕವಾಯಿತೆಂದೇ ತಿಳಿಯಬೇಕು. ವಿದ್ಯೆಯ ಬಾಗಿಲು ತೆರೆದಿದ್ದರಷ್ಟೇ ಸಾಲದು. ಅದು ತೆರೆದಿದೆಯೆಂಬ ವಾರ್ತೆ ಬೇಕಾದವರಿಗೆ ವೇಳೆಗೆ ಸರಿಯಾಗಿ ಮುಟ್ಟಬೇಕು.