ಕುತ್ತಿಗೆ, ಹೆಗಲು ನೋವು: ಹಾಲು ಕರೆಯುವವರಿಗೆ ನಾಲ್ಕು ಮಾತು



ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಹಳ್ಳಿಗಳಿಗೆ ಹಸು ನೋಡಲು ಹೋದಾಗ, ಇಪ್ಪತ್ತೈದು ಮೂವತ್ತರ ಪ್ರಾಯದವರು "ಡಾಕ್ಟ್ರೇ, ಹಸುವಿನದಾಯಿತು, ನನ್ನ ಹೆಗಲು ನೋವಿಗೂ ಏನಾದರೂ ಹೇಳಿ" ಎನ್ನುವುದುಂಟು. ನಾನು ದನದ ಡಾಕ್ಟರು. ಮನುಷ್ಯರಿಗೆ ಔಷಧ ಕೊಡುವಂತಿಲ್ಲ. ಆದರೆ ಹಲವರಿಗೆ ಈ ನೋವು ಕೊಟ್ಟಿಗೆಯ ಕೆಲಸದಿಂದಲೇ ಬರುವುದರಿಂದ ತಿಳಿದಷ್ಟನ್ನು ಹೇಳುವುದು ಕರ್ತವ್ಯ.

ನೋವಿಗೆ ಕಾರಣ: ಕುಕ್ಕರಗಾಲಿನಲ್ಲಿ ಕತ್ತು ಬಗ್ಗಿಸಿ ಹಾಲು ಕರೆಯುವುದು, ಹುಲ್ಲಿನ ಹೊರೆ ಹೊರುವುದು, ಕ್ಯಾನನ್ನು ಸದಾ ಒಂದೇ ಕೈಯಲ್ಲಿ ಎತ್ತುವುದು. 40 ಲೀಟರ್ ಕ್ಯಾನಿನಲ್ಲಿ ಹಾಲಿನ ತೂಕವೇ ಸುಮಾರು 41 ಕೆ.ಜಿ. ಇದರ ಮೇಲೆ ರಾತ್ರಿ ತಲೆ ತಗ್ಗಿಸಿ ಮೊಬೈಲ್ ನೋಡುವುದೂ ಸೇರಿದರೆ ಸ್ನಾಯುಗಳಿಗೆ ಬಿಡುವೇ ಇಲ್ಲ.

ಪರಿಹಾರ: ಹಾಸಿಗೆ ಹಿಡಿದು ಮಲಗುವುದು ಬೇಡ. ಭಾರದ ಕೆಲಸ ಕಡಿಮೆ ಮಾಡಿ, ಹಗುರವಾಗಿ ಓಡಾಡಿ. ಬಿಸಿನೀರಿನ ಶಾಖ ಹಿತ ಕೊಡುತ್ತದೆ. ದಿನಕ್ಕೆ ಎರಡು ಮೂರು ಸಲ, ನೋವು ಹೆಚ್ಚದ ಮಿತಿಯಲ್ಲಿ ಈ ವ್ಯಾಯಾಮ ಮಾಡಿ: ನೆಟ್ಟಗೆ ಕುಳಿತು ಗದ್ದವನ್ನು ಹಿಂದಕ್ಕೆ ಎಳೆದುಕೊಳ್ಳುವುದು, ಬೆನ್ನ ಹಿಂದಿನ ಎರಡೂ ಹೆಗಲೆಲುಬುಗಳನ್ನು ಹತ್ತಿರ ತಂದು ಸಡಿಲಿಸುವುದು. ತಲಾ ಹತ್ತು ಬಾರಿ ಸಾಕು. ಎರಡು ದಿನದಲ್ಲಿ ಗುಣ ಕಾಣದೆಂದು ಬಿಡಬೇಡಿ, ಕೆಲವು ವಾರ ಬೇಕು. ಹಾಲು ಕರೆಯಲು ಗಿಡ್ಡ ಸ್ಟೂಲ್ ಇಟ್ಟುಕೊಳ್ಳಿ. ತುಂಬಿದ ಕ್ಯಾನನ್ನು ಇಬ್ಬರು ಹಿಡಿಯಿರಿ.

ನೋವಿನ ಮಾತ್ರೆಯನ್ನು ವೈದ್ಯರ ಸಲಹೆಯಿಲ್ಲದೆ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು. ದನಕ್ಕೆ ತಂದು ಉಳಿದ ಇಂಜೆಕ್ಷನ್ನನ್ನು ಮನುಷ್ಯರಿಗೆ ಎಂದೂ ಚುಚ್ಚಿಸಬೇಡಿ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು: ಕೈ ಜೋಮು ಹಿಡಿಯುವುದು, ಹಿಡಿತ ಸಡಿಲವಾಗುವುದು, ನಡಿಗೆ ತಡವರಿಸುವುದು, ಬಿದ್ದ ನಂತರ ಬಂದ ನೋವು. ಎದೆ ಬಿಗಿತ, ಬೆವರಿನೊಂದಿಗೆ ಹೆಗಲು ನೋವು ಬಂದರೆ ಒಂದು ಗಳಿಗೆಯೂ ಕಾಯಬೇಡಿ.

ಪಶುವೈದ್ಯನಾಗಿ ಒತ್ತಿ ಹೇಳಬೇಕಾದುದು ಇನ್ನೊಂದಿದೆ. ಮೈಕೈ, ಕೀಲು, ಬೆನ್ನು ನೋವಿನ ಜೊತೆಗೆ ಬಿಟ್ಟು ಬಿಟ್ಟು ಜ್ವರ, ರಾತ್ರಿ ಬೆವರು, ನಿಶ್ಶಕ್ತಿ ಇದ್ದರೆ ಅದು ಬ್ರುಸೆಲ್ಲೋಸಿಸ್ ಇರಬಹುದು. ಹಸು ಐದು ತಿಂಗಳು ದಾಟಿದ ಮೇಲೆ ಕಂದು ಹಾಕಲು ಕಾರಣವಾಗುವ ರೋಗವೇ ಇದು. ಕಂದು, ಮಾಸು ಮುಟ್ಟಿದ ಕೈಯಿಂದ, ಹಸಿ ಹಾಲಿನಿಂದ ಮನುಷ್ಯರಿಗೆ ಬರುತ್ತದೆ. ರಕ್ತ ಪರೀಕ್ಷೆಯಿಂದ ತಿಳಿಯಬಹುದು. ಸಾಮಾನ್ಯವಾಗಿ ಆರು ವಾರ ಬಿಡದೆ ಔಷಧ ತೆಗೆದುಕೊಂಡರೆ ವಾಸಿಯಾಗುತ್ತದೆ. ಆದ್ದರಿಂದ ವೈದ್ಯರ ಬಳಿ "ನಮ್ಮ ಮನೆಯಲ್ಲಿ ಹಸು ಇದೆ, ಇಂತಿಷ್ಟು ದಿನದ ಹಿಂದೆ ಕಂದು ಹಾಕಿತ್ತು" ಎಂದು ನೀವಾಗಿಯೇ ಹೇಳಿ. ನೀವು ಹೇಳದಿದ್ದರೆ ಅವರಿಗೆ ತಿಳಿಯುವುದು ಕಷ್ಟ.

ಮಾಸನ್ನು ಕೈಗವಸು ಹಾಕಿ ತೆಗೆಯಿರಿ, ಸುಣ್ಣ ಹಾಕಿ ಆಳವಾಗಿ ಹೂಳಿರಿ. ಹಾಲು ಕಾಯಿಸಿಯೇ ಕುಡಿಯಿರಿ. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ತಪ್ಪದೆ ಲಸಿಕೆ ಹಾಕಿಸಿ. ಜೀವಮಾನಕ್ಕೆ ಒಂದೇ ಸಲ ಸಾಕು.

ಹಸುವಿನ ಕೆಚ್ಚಲು ಬಾತರೆ ಅಂದೇ ಓಡಿ ಬರುವ ನೀವು, ನಿಮ್ಮ ಹೆಗಲನ್ನೂ ಅಷ್ಟೇ ಕಾಳಜಿಯಿಂದ ನೋಡಿಕೊಳ್ಳಿ.