ನಿಮಗಿದು ಗೊತ್ತೆ? ವಿಡಿಯೊ ಬರುವುದು ತುಂಡುತುಂಡಾಗಿ

ಇಚಲಕರಂಜಿಯ ಚಹಾದಂಗಡಿಯಲ್ಲಿ ಮೊಬೈಲಿನಲ್ಲಿ ಕ್ರಿಕೆಟ್ ನೋಡುವಾಗ ನೆಟ್‌ವರ್ಕ್ ಕುಗ್ಗಿದರೆ ಚಿತ್ರ ಮಸುಕಾಗುತ್ತದೆ, ಆದರೆ ಆಟ ನಿಲ್ಲುವುದಿಲ್ಲ. ಯಾಕೆ ಗೊತ್ತೆ? ವಿಡಿಯೊವನ್ನು ಮೊದಲೇ ಆರೇಳು ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡನ್ನೂ ಹಲವು ಗುಣಮಟ್ಟದಲ್ಲಿ ಇಟ್ಟಿರುತ್ತಾರೆ. ಮುಂದೆ ಯಾವ ತುಂಡು, ಯಾವ ಗುಣಮಟ್ಟದ್ದು ಎಂದು ಆರಿಸುವುದು ನಿಮ್ಮ ಮೊಬೈಲೇ!

ಆ್ಯಪಲ್ 2009ರಲ್ಲಿ ತಂದ ಎಚ್‌ಎಲ್‌ಎಸ್ ವಿಧಾನ ಇದು. ತುಂಡುಗಳ ಪಟ್ಟಿ ಇರುವುದು ‘ಎಂ3ಯು8’ ಎಂಬ ಫೈಲಿನಲ್ಲಿ. ಅದು ಬರೀ ಅಕ್ಷರಗಳ ಫೈಲು, ನೋಟ್‌ಪ್ಯಾಡಿನಲ್ಲೇ ತೆರೆದು ಓದಬಹುದು. ಜಕಾರ್ಡ್ ಮಗ್ಗ ಬಲ್ಲ ಇಚಲಕರಂಜಿಯ ನೇಕಾರರಿಗೆ ಅದು ಡಿಸೈನ್ ಕಾರ್ಡಿನಂತೆ ಕಂಡೀತು. ಕೋಡಿಂಗ್ ಕಲಿಯುವವರು ಇಲ್ಲಿಂದಲೇ ಶುರುಮಾಡುವುದು ಒಳ್ಳೆಯದು. ವೆಬ್ ಪುಟದಲ್ಲಿ ‘ವಿಡಿಯೊ’ ಟ್ಯಾಗ್ ಹಾಕಿ, ಎಚ್‌ಎಲ್‌ಎಸ್ ಅರಿಯದ ಬ್ರೌಸರ್‌ಗಳಿಗಾಗಿ ‘ಎಚ್‌ಎಲ್‌ಎಸ್ ಡಾಟ್ ಜೆಎಸ್’ ಎಂಬ ಉಚಿತ ಲೈಬ್ರರಿ ಜೋಡಿಸಿದರೆ ಸಾಕು.

ಪುಟ ತೆರೆದೊಡನೆ ವಿಡಿಯೊ ತಾನಾಗಿ ಓಡಬೇಕೆಂದರೆ ಮಾತ್ರ ಸದ್ದು ಮುಚ್ಚಿರಬೇಕು. 2018ರಿಂದ ಕ್ರೋಮ್‌ನದು ಇದೇ ಪಟ್ಟು.

2023ರ ವಿಶ್ವಕಪ್ ಫೈನಲ್ ವೇಳೆ ಹಾಟ್‌ಸ್ಟಾರ್‌ನಲ್ಲಿ ಒಮ್ಮೆಲೇ ನೋಡುತ್ತಿದ್ದವರು 5.9 ಕೋಟಿ. ಅಷ್ಟೂ ಮಂದಿಗೆ ಹೋದದ್ದು ಇಂಥ ತುಂಡುಗಳೇ.